ವಿಹಾರ ನೌಕೆಯಲ್ಲಿ ಕಪ್ತಾನನ ಮಾತೇ ಕಾನೂನು ಏಕೆ?

ಮುಂಬಯಿ ಮಹಾನಗರ ಹಾಗೂ ಉಪನಗರಗಳಲ್ಲಿ ನೆಲೆಸಿರುವ ತುಳು-ಕನ್ನಡಿಗರಿಗೆ ಹಡಗಿನ ಪ್ರಯಾಣ ಹೊಸತೇನೂ ಅಲ್ಲ. ಕೊಂಕಣ ರೈಲು ಮಾರ್ಗವು 1998ರಲ್ಲಿ ಪೂರ್ಣಗೊಳ್ಳುವುದಕ್ಕೆ ಎಷ್ಟೋ ದಶಕಗಳ ಮೊದಲೇ ಕರಾವಳಿಯ ಬಂದರುಗಳಲ್ಲಿ ಹಡಗು ಹತ್ತಿ ಮುಂಬಯಿಯಲ್ಲಿ ಬಂದಿಳಿದವರ ಮಕ್ಕಳು, ಮೊಮ್ಮಕ್ಕಳು ಇಂದು ಕಾಮೋಠೆ, ಖಾರ್ಘರ್, ಪನ್ವೇಲ್, ನೆರೂಲ್, ಡೊಂಬಿವಲಿ, ಕಲ್ಯಾಣಗಳಲ್ಲಿ ಸಂಸಾರ ಹೂಡಿ ನೆಲೆ ನಿಂತಿದ್ದಾರೆ. ಹಿರಿಯರ ಆ ಪ್ರಯಾಣ ಹೊಟ್ಟೆಪಾಡಿನದಾಗಿತ್ತು. ಇಂದಿನ ಪೀಳಿಗೆಯದು ವಿಹಾರ. ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ವಿಹಾರ ನೌಕೆಗಳ ಯಾನ 2021ರ ಸೆಪ್ಟೆಂಬರಿನಿಂದ ಜನಪ್ರಿಯವಾಯಿತು. 2025ರ ಸೆಪ್ಟೆಂಬರ್ 20ರಂದು ಮುಂಬಯಿಯ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಪ್ರಧಾನಮಂತ್ರಿಗಳಿಂದ ಉದ್ಘಾಟನೆಗೊಂಡಿತು. ಮಾನಸರೋವರ್ ಅಥವಾ ಖಾಂಡೇಶ್ವರ್ ನಿಲ್ದಾಣದಲ್ಲಿ ಹಾರ್ಬರ್ ಮಾರ್ಗದ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿದರೆ ಬಲಾರ್ಡ್ ಪಿಯರ್ ಅಲ್ಲಿಂದ ದೂರವಿಲ್ಲ. ವಿವಾಹದ ರಜತ ಸಂಭ್ರಮ, ನಿವೃತ್ತಿಯ ಸಂತೋಷ, ಮಕ್ಕಳ ಪರೀಕ್ಷೆ ಮುಗಿದ ಬಿಡುವು ಎಂದು ಇಪ್ಪತ್ತು ಇಪ್ಪತ್ತೈದು ಮಂದಿಯ ಬಂಧುವರ್ಗ ಒಟ್ಟಾಗಿ ಹೊರಡುವುದು ಈಗ ಅಪರೂಪವಲ್ಲ.

ಇಂಥ ಪ್ರವಾಸಕ್ಕೆ ಹೊರಡುವವರು ಊಟದ ಪಟ್ಟಿಯನ್ನೂ ಕೋಣೆಯ ಕಿಟಕಿಯನ್ನೂ ವಿಚಾರಿಸುವಷ್ಟು ಆಸಕ್ತಿಯಿಂದ ಹಡಗಿನ ನಿಯಮಗಳನ್ನು ವಿಚಾರಿಸುವುದಿಲ್ಲ. ಹಣ ತೆತ್ತ ಮೇಲೆ ಹೋಟೆಲಿನಂತೆಯೇ ಇದೂ ಎಂಬ ಭಾವನೆ ಸಹಜ. ಆದರೆ ತೇಲುವ ಹೋಟೆಲಿಗೂ ನೆಲದ ಹೋಟೆಲಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ನೆಲದಲ್ಲಿ ಗಲಾಟೆಯಾದರೆ ಪೊಲೀಸರು ಬರುತ್ತಾರೆ, ಬೆಂಕಿ ಬಿದ್ದರೆ ಅಗ್ನಿಶಾಮಕ ದಳ ಬರುತ್ತದೆ, ಬಿದ್ದು ಗಾಯವಾದರೆ ಆಂಬುಲೆನ್ಸ್ ಬರುತ್ತದೆ. ತೀರ ಬಿಟ್ಟ ಹಡಗಿಗೆ ಇವರಾರೂ ಕರೆದ ಕೂಡಲೇ ಬರಲಾರರು. ಆ ಮೂರು ಕೆಲಸಗಳ ಹೊಣೆಯೂ ಒಬ್ಬನೇ ವ್ಯಕ್ತಿಯ ಹೆಗಲ ಮೇಲಿರುತ್ತದೆ. ಅವನೇ ಕಪ್ತಾನ. ಅವನ ಅಧಿಕಾರವು ಪ್ರಯಾಣಿಕರಿಗೆ ಕೆಲವೊಮ್ಮೆ ಅತಿಯೆನಿಸುವಷ್ಟು ವಿಸ್ತಾರವಾಗಿರುವುದಕ್ಕೆ ಕಾರಣ ಇದೇ ಹೊರತು ಹಡಗು ಸಂಸ್ಥೆಗಳ ಅಹಂಕಾರವಲ್ಲ.

ನಮ್ಮ ಮುಂಬಯಿಯದೇ ಒಂದು ಪ್ರಸಂಗವನ್ನು ನೋಡೋಣ. 2018ರ ಅಕ್ಟೋಬರ್ 20ರಂದು ಮುಂಬಯಿ-ಗೋವಾ ನಡುವಿನ 'ಆಂಗ್ರಿಯಾ' ನೌಕೆಯ ಉದ್ಘಾಟನೆ ನೆರವೇರಿತು. ಆ ಸಂದರ್ಭದಲ್ಲಿ ಅಂದಿನ ಮುಖ್ಯಮಂತ್ರಿಗಳ ಪತ್ನಿಯವರು ಸುರಕ್ಷತಾ ಮಿತಿಯನ್ನು ದಾಟಿ ಹಡಗಿನ ಮುಂಭಾಗದ ಅಂಚಿನಲ್ಲಿ ಕುಳಿತು ಸೆಲ್ಫಿ ತೆಗೆದುಕೊಂಡರು. ಹಿಂದೆ ಬರುವಂತೆ ಅಧಿಕಾರಿಗಳು ವಿನಂತಿಸುತ್ತಿದ್ದ ದೃಶ್ಯವನ್ನು ದೇಶವೇ ನೋಡಿತು. ತಾವು ಕುಳಿತ ಜಾಗ ಅಪಾಯದ್ದಾಗಿರಲಿಲ್ಲವೆಂದು ಸಮಜಾಯಿಷಿ ನೀಡಿದ ಅವರು, ತಪ್ಪೆನಿಸಿದ್ದರೆ ಕ್ಷಮಿಸಬೇಕೆಂದೂ ಹೇಳಿದರು. ಪತ್ರಿಕೆಗಳು ಅವರ ನಡವಳಿಕೆಯನ್ನು ಚರ್ಚಿಸಿದವು. ನನಗೆ ಹೆಚ್ಚು ಯೋಚಿಸುವಂತೆ ಮಾಡಿದ್ದು ಹಿಂದೆ ನಿಂತು ಕೈಮುಗಿಯುವಂತೆ ಬೇಡಿಕೊಳ್ಳುತ್ತಿದ್ದ ಆ ಅಧಿಕಾರಿಗಳ ಸ್ಥಿತಿ. ಗಣ್ಯರೆದುರು ನಿಯಮ ಹೇಳುವವನ ದನಿ ತಗ್ಗುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ಅದೇ ತಪ್ಪಿಗೆ ಬೇರೆಡೆ ಏನಾಯಿತೆಂದು ಹೋಲಿಸಿ ನೋಡಬಹುದು. 2019ರ ಅಕ್ಟೋಬರಿನಲ್ಲಿ ಕೆರಿಬಿಯನ್ ಸಮುದ್ರದಲ್ಲಿದ್ದ 'ಅಲ್ಯೂರ್ ಆಫ್ ದ ಸೀಸ್' ನೌಕೆಯಲ್ಲಿ ಮಹಿಳೆಯೊಬ್ಬರು ತಮ್ಮ ಕೋಣೆಯ ಬಾಲ್ಕನಿಯ ಕಟಕಟೆಯ ಮೇಲೆ ಹತ್ತಿ ನಿಂತು ಫೋಟೊ ತೆಗೆಸಿಕೊಂಡರು. ಇನ್ನೊಬ್ಬ ಪ್ರಯಾಣಿಕರು ಅದನ್ನು ಕಂಡು ಸಿಬ್ಬಂದಿಗೆ ತಿಳಿಸಿದರು. ಆ ಮಹಿಳೆಯನ್ನೂ ಜೊತೆಗಾರರನ್ನೂ ಜಮೈಕಾದ ಫಾಲ್ಮತ್ ಬಂದರಿನಲ್ಲಿ ಇಳಿಸಲಾಯಿತಲ್ಲದೆ, ಆ ಸಂಸ್ಥೆಯ ಹಡಗುಗಳನ್ನು ಜೀವಮಾನವಿಡೀ ಹತ್ತದಂತೆ ನಿಷೇಧಿಸಲಾಯಿತು. ಅದೇ ವರ್ಷದ ಜನವರಿಯಲ್ಲಿ ಬಹಾಮಾಸ್‌ನ ನಾಸಾವು ಬಂದರಿನಲ್ಲಿ ನಿಂತಿದ್ದ 'ಸಿಂಫನಿ ಆಫ್ ದ ಸೀಸ್' ನೌಕೆಯ ಹನ್ನೊಂದನೆಯ ಅಂತಸ್ತಿನಿಂದ ತಮಾಷೆಗೆಂದು ನೀರಿಗೆ ಹಾರಿದ ತರುಣನಿಗೂ, ನಗುತ್ತ ಚಿತ್ರೀಕರಿಸಿದ ಅವನ ಗೆಳೆಯರಿಗೂ ಆದದ್ದು ಇದೇ ಶಿಕ್ಷೆ. ಫೋಟೊ ಒಂದಕ್ಕೆ ಇಷ್ಟು ಕಠಿಣ ಕ್ರಮವೇ ಎಂದು ಯಾರಿಗಾದರೂ ಅನಿಸಬಹುದು. ಚಲಿಸುವ ಹಡಗಿನಿಂದ ಒಬ್ಬರು ಬಿದ್ದರೆ ಅದು ಬಸ್ಸಿನಂತೆ ಬ್ರೇಕು ಹಾಕಿ ನಿಲ್ಲುವುದಿಲ್ಲ. ವೇಗ ತಗ್ಗಿಸಿ, ದೊಡ್ಡ ಸುತ್ತು ಹಾಕಿ, ಬಂದ ದಾರಿಗೇ ಮರಳಬೇಕು. ರಾತ್ರಿಯ ಅಲೆಗಳ ನಡುವೆ ಒಂದು ತಲೆಯನ್ನು ಹುಡುಕುವುದು ಎಷ್ಟು ಕಷ್ಟವೆಂಬುದನ್ನು ಮಲ್ಪೆಯ ಮೀನುಗಾರರನ್ನು ಕೇಳಿದರೆ ಹೇಳುತ್ತಾರೆ. ಅಮೆರಿಕವು 2010ರಲ್ಲಿ ಜಾರಿಗೆ ತಂದ ಕ್ರೂಸ್ ಸುರಕ್ಷತಾ ಕಾಯ್ದೆಯು ಕಟಕಟೆಯ ಎತ್ತರ ಕನಿಷ್ಠ 42 ಅಂಗುಲ ಇರಲೇಬೇಕೆಂದು ವಿಧಿಸಿತು. ಕಟಕಟೆಯನ್ನೇ ಮೆಟ್ಟಿಲು ಮಾಡಿಕೊಂಡವರಿಗೆ ಆ 42 ಅಂಗುಲ ಏನು ಮಾಡೀತು?

ಇನ್ನು ಕಾನೂನಿನ ಮಾತು. ನಡುಸಮುದ್ರದಲ್ಲಿ ಯಾವ ದೇಶದ ಕಾನೂನೂ ಇಲ್ಲವೆಂಬ ತಪ್ಪು ಕಲ್ಪನೆ ವಿದ್ಯಾವಂತರಲ್ಲೂ ಇದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯನ್ನು ಭಾರತವು 1995ರಲ್ಲಿ ಅಂಗೀಕರಿಸಿತು. ಅದರ ಪ್ರಕಾರ ತೀರದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗಿನ ನೀರು ಆ ದೇಶದ ಸಾರ್ವಭೌಮತ್ವಕ್ಕೆ ಒಳಪಟ್ಟದ್ದು. ಅದರಾಚೆಯ ಮುಕ್ತ ಸಮುದ್ರದಲ್ಲಿ ಹಡಗು ಯಾವ ದೇಶದ ಧ್ವಜವನ್ನು ಹಾರಿಸುತ್ತದೆಯೋ ಆ ದೇಶದ ಕಾನೂನು ಅದರ ಮೇಲೆ ನಡೆಯುತ್ತದೆ. ದೊಡ್ಡ ವಿಹಾರ ನೌಕೆಗಳು ಬಹುತೇಕ ಬಹಾಮಾಸ್, ಪನಾಮಾ, ಮಾಲ್ಟಾ ಮುಂತಾದ ದೇಶಗಳಲ್ಲಿ ನೋಂದಾಯಿತವಾಗಿರುತ್ತವೆ. ಅಂಥ ಹಡಗಿನಲ್ಲಿ ತಪ್ಪೆಸಗಿದ ಭಾರತೀಯನು ಹಾಗೆಂದು ನಮ್ಮ ಕಾನೂನಿನಿಂದ ಪಾರಾದನೆಂದಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು, ಹಿಂದಿನ ದಂಡಸಂಹಿತೆಯಂತೆಯೇ, ಭಾರತದಲ್ಲಿ ನೋಂದಾಯಿತವಾದ ಹಡಗು ಎಲ್ಲೇ ಇರಲಿ ಅದರಲ್ಲಿರುವವರಿಗೆಲ್ಲ ಅನ್ವಯಿಸುತ್ತದೆ. ಭಾರತದ ಪ್ರಜೆಗಂತೂ ಅವನು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಅನ್ವಯಿಸುತ್ತದೆ. ಅಂದರೆ ಸಹಪ್ರಯಾಣಿಕಳನ್ನು ಪೀಡಿಸಿದವನು, ಸಿಬ್ಬಂದಿಯ ಮೇಲೆ ಕೈಮಾಡಿದವನು ಏಕಕಾಲದಲ್ಲಿ ಎರಡು ಮೂರು ದೇಶಗಳ ಕಾನೂನಿಗೆ ಉತ್ತರಿಸಬೇಕಾಗಬಹುದು. ಕುಡಿದು ದಾಂಧಲೆ ಮಾಡುವವನನ್ನು ಹಡಗಿಗೆ ಹತ್ತಿಸದಿರುವ ಅಧಿಕಾರವೂ ಹೊಸತಲ್ಲ. 1894ರ ಬ್ರಿಟಿಷ್ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯಲ್ಲಿಯೇ ಅದಕ್ಕೆ ಅವಕಾಶವಿತ್ತು.

ನಿತ್ಯದ ವ್ಯವಹಾರದಲ್ಲಿ ಮಾತ್ರ ನ್ಯಾಯಾಲಯಕ್ಕಿಂತ ಮೊದಲು ಕೆಲಸ ಮಾಡುವುದು ಟಿಕೆಟ್ಟಿನ ಜೊತೆಗೆ ನಾವು ಒಪ್ಪಿಕೊಂಡ ಕರಾರು. ಮೊಬೈಲಿನಲ್ಲಿ ಕೆಳಗೆ ಕೆಳಗೆ ಸರಿಸಿ 'ಒಪ್ಪಿಗೆಯಿದೆ' ಎಂದು ಒತ್ತಿಬಿಡುವ ಆ ಪುಟಗಳಲ್ಲಿಯೇ ಎಲ್ಲವೂ ಇರುತ್ತದೆ. ಸಾಮಾನ್ಯವಾಗಿ ಮೊದಲು ಬಾಯಿಮಾತಿನ ಎಚ್ಚರಿಕೆ, ಬಳಿಕ ಭದ್ರತಾ ಅಧಿಕಾರಿಯಿಂದ ಲಿಖಿತ ಎಚ್ಚರಿಕೆ. ಕುಡಿತವೇ ಕಾರಣವಾಗಿದ್ದರೆ ಮದ್ಯದ ಪೂರೈಕೆ ನಿಲ್ಲುತ್ತದೆ. ಅದಕ್ಕೂ ಬಗ್ಗದಿದ್ದರೆ ಕೋಣೆಯಿಂದ ಹೊರಬರದಂತೆ ಬಾಗಿಲಲ್ಲಿ ಕಾವಲು ಕೂರುತ್ತದೆ. ದೊಡ್ಡ ಹಡಗುಗಳಲ್ಲಿ ಬಂಧನಕ್ಕೆಂದೇ ಒಂದು ಸಣ್ಣ ಕೊಠಡಿಯೂ ಇರುತ್ತದೆ. ಕೊನೆಯದು, ಮುಂದಿನ ಬಂದರಿನಲ್ಲಿ ಇಳಿಸಿಬಿಡುವುದು. ಹಾಗೆ ಇಳಿಸಲ್ಪಟ್ಟವರಿಗೆ ಉಳಿದ ದಿನಗಳ ಹಣ ಹಿಂದಿರುಗುವುದಿಲ್ಲ. ಮನೆಗೆ ಮರಳುವ ವಿಮಾನದ ಖರ್ಚು ಅವರದೇ. ಭಾರತದ ಪಾಸ್‌ಪೋರ್ಟ್ ಹೊಂದಿದವರಿಗೆ ಇಲ್ಲೊಂದು ಹೆಚ್ಚಿನ ಸಂಕಟವಿದೆ. ಹಡಗಿನ ಪ್ರಯಾಣಿಕರೆಂಬ ಕಾರಣಕ್ಕೆ ಕೆಲವು ಬಂದರುಗಳಲ್ಲಿ ದೊರೆಯುವ ಒಂದು ಹಗಲಿನ ರಿಯಾಯಿತಿ ಪ್ರವೇಶವು, ಹಡಗು ನಮ್ಮನ್ನು ಬಿಟ್ಟು ಹೊರಟಾಗ ವೀಸಾದ ಪ್ರಶ್ನೆಯಾಗಿ ಎದುರು ನಿಲ್ಲುತ್ತದೆ. ಪಾನಮತ್ತರಾಗಿ ಮಾಡಿಕೊಂಡ ನಷ್ಟವನ್ನು ಪ್ರವಾಸ ವಿಮೆ ಸಾಮಾನ್ಯವಾಗಿ ಭರಿಸುವುದಿಲ್ಲವೆಂಬುದನ್ನೂ ಗಮನಿಸಬೇಕು.

ವಿಮಾನಗಳಲ್ಲಿ ಅಶಿಸ್ತಿನ ಪ್ರಯಾಣಿಕರ ವಿಚಾರದಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2017ರಲ್ಲಿ ಮೂರು ಹಂತದ ನಿಯಮಗಳನ್ನು ತಂದಿತು. ಬಾಯಿಮಾತಿನ ದುರ್ವರ್ತನೆಗೆ ಮೂರು ತಿಂಗಳವರೆಗೆ, ಕೈ ಮಾಡಿದರೆ ಆರು ತಿಂಗಳವರೆಗೆ, ಜೀವಕ್ಕೆ ಅಪಾಯ ತಂದರೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾರಾಟಕ್ಕೆ ನಿಷೇಧ. ಹಡಗುಗಳಲ್ಲಾದರೋ ಪ್ರತಿ ಸಂಸ್ಥೆಯೂ ತನ್ನದೇ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ.

ನಮ್ಮವರಿಗೆ ಅತ್ಯಂತ ಕಿರಿಕಿರಿಯೆನಿಸುವುದು ಸಾಮಾನು ತಪಾಸಣೆಯಲ್ಲಿ ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ವಿದ್ಯುತ್ ಕೆಟಲ್, ಮೇಣದಬತ್ತಿ, ಊದುಬತ್ತಿಗಳನ್ನು ತೆಗೆದಿಟ್ಟುಕೊಳ್ಳುವುದು. ಬೆಳಗಿನ ದೇವರ ದೀಪಕ್ಕೂ ಅಡ್ಡಿಯೇ ಎಂದು ಹಿರಿಯರು ನೊಂದುಕೊಳ್ಳುತ್ತಾರೆ. ನಾವಿಕರು ನೀರಿಗಿಂತ ಹೆಚ್ಚು ಹೆದರುವುದು ಬೆಂಕಿಗೆ ಎಂಬುದು ತಿಳಿದರೆ ಆ ನೋವು ಸ್ವಲ್ಪ ಕಡಿಮೆಯಾದೀತು. 2006ರ ಮಾರ್ಚ್ 23ರ ನಸುಕಿನಲ್ಲಿ ಜಮೈಕಾದತ್ತ ಸಾಗುತ್ತಿದ್ದ 'ಸ್ಟಾರ್ ಪ್ರಿನ್ಸೆಸ್' ನೌಕೆಯ ಒಂದು ಬಾಲ್ಕನಿಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಯಾರೋ ಆರಿಸದೆ ಎಸೆದ ಸಿಗರೇಟು ಅದಕ್ಕೆ ಕಾರಣವಿರಬೇಕೆಂದು ತನಿಖೆಯು ಅಭಿಪ್ರಾಯಪಟ್ಟಿತು. ಬಾಲ್ಕನಿಯಿಂದ ಬಾಲ್ಕನಿಗೆ, ಅಂತಸ್ತಿನಿಂದ ಅಂತಸ್ತಿಗೆ ಬೆಂಕಿ ಏರಿ ನೂರಕ್ಕೂ ಹೆಚ್ಚು ಕೋಣೆಗಳು ಹಾನಿಗೊಂಡವು, ಪ್ರಯಾಣಿಕರೊಬ್ಬರು ಮೃತಪಟ್ಟರು. ಬಾಲ್ಕನಿಗಳ ಪೀಠೋಪಕರಣ, ವಿಭಜಕ ಗೋಡೆ, ನೀರಿನ ಸಿಂಪರಣೆಗಳ ಬಗ್ಗೆ ಅಂತಾರಾಷ್ಟ್ರೀಯ ನಿಯಮಗಳೇ ಆ ಬಳಿಕ ಬದಲಾದವು. ಬಾಲ್ಕನಿಯಲ್ಲಿ ಸೇದಿ ಸಿಕ್ಕಿಬಿದ್ದವರಿಗೆ ಹಲವು ಸಂಸ್ಥೆಗಳು ನೂರಾರು ಡಾಲರ್ ದಂಡ ಹಾಕುವುದರ ಹಿಂದೆ ಆ ಒಂದು ರಾತ್ರಿಯ ನೆನಪಿದೆ.

ಹಡಗು ಹೊರಡುವ ಮುನ್ನ ಎಲ್ಲರನ್ನೂ ಗುಂಪುಗೂಡಿಸಿ ನಡೆಸುವ ಸುರಕ್ಷತಾ ಕವಾಯತು ಸಹ ಹೀಗೆಯೇ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ 'ಕೋಸ್ಟಾ ಕಾಂಕಾರ್ಡಿಯಾ' ಬಂಡೆಗೆ ಬಡಿದು 32 ಮಂದಿ ಸತ್ತರು. ಅಂದು ಸಂಜೆಯಷ್ಟೇ ಹತ್ತಿದ್ದ ಸುಮಾರು 700 ಪ್ರಯಾಣಿಕರಿಗೆ ಕವಾಯತು ಇನ್ನೂ ಆಗಿರಲಿಲ್ಲ, ಏಕೆಂದರೆ ಹತ್ತಿದ 24 ತಾಸುಗಳೊಳಗೆ ನಡೆಸಿದರೆ ಸಾಕೆಂದು ನಿಯಮವಿತ್ತು. 2015ರ ಜನವರಿ 1ರಿಂದ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ನಡೆಸಬೇಕೆಂದಾಯಿತು.

ನಿಯಮ ಮೀರಿದರೆ ಏನಾದೀತೆಂದು ತಿಳಿಯಲು ಇಟಲಿಯವರೆಗೆ ಹೋಗಬೇಕಾಗಿಲ್ಲ. ನಮ್ಮ ಮನೆಯೆದುರಿನ ಕೊಲ್ಲಿಯಲ್ಲಿಯೇ, ವಿಹಾರ ನೌಕೆಗಿಂತ ಎಷ್ಟೋ ಚಿಕ್ಕ ಹಡಗು ದೋಣಿಗಳಲ್ಲಿ, ಅದರ ಕಥೆ ಇದೆ. 1947ರ ಜುಲೈ 17ರಂದು ಭಾವುಚಾ ಧಕ್ಕಾದಿಂದ ರೇವಸ್‌ಗೆ ಹೊರಟ 'ರಾಮದಾಸ್' ಹಡಗು ಮಳೆಗಾಳಿಗೆ ಸಿಕ್ಕಿದಾಗ ಗಾಬರಿಗೊಂಡ ಪ್ರಯಾಣಿಕರು ಒಂದೇ ಬದಿಗೆ ನುಗ್ಗಿದರು. ಹಡಗು ಮಗುಚಿ 600ಕ್ಕೂ ಹೆಚ್ಚು ಜನ ನೀರುಪಾಲಾದರು. 2024ರ ಡಿಸೆಂಬರ್ 18ರಂದು ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾಕ್ಕೆ ಹೊರಟಿದ್ದ 'ನೀಲಕಮಲ್' ದೋಣಿಗೆ ನೌಕಾಪಡೆಯ ವೇಗದ ದೋಣಿ ಡಿಕ್ಕಿ ಹೊಡೆದು 15 ಮಂದಿ ಅಸುನೀಗಿದರು. ಡಿಕ್ಕಿಗೆ ಪ್ರಯಾಣಿಕರು ಹೊಣೆಗಾರರಲ್ಲ. ಆದರೆ 84 ಪ್ರಯಾಣಿಕರಿಗೆ ಪರವಾನಗಿಯಿದ್ದ ದೋಣಿಯಲ್ಲಿ ಅದಕ್ಕಿಂತ ಹೆಚ್ಚು ಜನರಿದ್ದರು, ಬಹಳಷ್ಟು ಮಂದಿ ಜೀವರಕ್ಷಕ ಜಾಕೆಟ್ ಧರಿಸಿರಲಿಲ್ಲ. ಆ ದುರಂತದ ನಂತರವೇ ಜಾಕೆಟ್ ಕಡ್ಡಾಯವೆಂಬ ಆದೇಶ ಹೊರಟಿತು. 'ಸ್ವಲ್ಪ ಅಡ್ಜಸ್ಟ್ ಮಾಡಿ' ಎನ್ನುವ ನಮ್ಮ ಲೋಕಲ್ ರೈಲಿನ ಮಂತ್ರ ನೆಲದ ಮೇಲೆ ನಡೆಯುತ್ತದೆ. ನೀರಿನ ಮೇಲೆ ಭಾರದ ಲೆಕ್ಕಕ್ಕೆ ಅಡ್ಜಸ್ಟ್‌ಮೆಂಟ್ ಇಲ್ಲ. (ಈಜುಕೊಳದ ಬಳಿಯ ಕುರ್ಚಿಗೆ ಬೆಳಿಗ್ಗೆಯೇ ಟವೆಲ್ ಹಾಸಿ ಮಧ್ಯಾಹ್ನದವರೆಗೆ ಕಾದಿರಿಸುವ ಅಭ್ಯಾಸ, ಲೋಕಲಿನ ಸೀಟಿಗೆ ಕರವಸ್ತ್ರ ಎಸೆಯುವವರ ಆವಿಷ್ಕಾರವಲ್ಲ; ಪಾಶ್ಚಾತ್ಯರಲ್ಲೂ ಇದು ದೊಡ್ಡ ಜಗಳದ ವಿಷಯವೆಂದು ತಿಳಿದು ಸಮಾಧಾನವಾಯಿತು.)

ಈ ಜಗಳಗಳಲ್ಲಿ ಹೆಚ್ಚು ನಲುಗುವವರು ಸಿಬ್ಬಂದಿ. ನವಿ ಮುಂಬಯಿಯು ನಾವಿಕ ಶಿಕ್ಷಣದ ದೊಡ್ಡ ಕೇಂದ್ರ. 'ಟಿ. ಎಸ್. ಚಾಣಕ್ಯ'ದಂಥ ಸಂಸ್ಥೆ ಇಲ್ಲಿಯೇ ಇದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳ ಅನೇಕ ತರುಣರು ವಿಹಾರ ನೌಕೆಗಳ ಅಡುಗೆಮನೆ, ಭೋಜನಶಾಲೆ, ಕೋಣೆಗಳ ನಿರ್ವಹಣೆಯಲ್ಲಿ ದುಡಿಯುತ್ತಿದ್ದಾರೆ. ತಿಂಗಳುಗಟ್ಟಲೆ ರಜೆಯಿಲ್ಲದ ಕರಾರು, ದಿನಕ್ಕೆ ಹತ್ತು ತಾಸಿನ ದುಡಿಮೆ. ಪ್ರಯಾಣಿಕ ಬೈದರೂ ಎದುರಾಡುವಂತಿಲ್ಲ. ಒಂದು ದೂರು ಬಂದರೆ ಮುಂದಿನ ಕರಾರೇ ಅನಿಶ್ಚಿತ. ಆ ಹುಡುಗನ ಪಾಲಿಗೆ ಲಿಖಿತ ನಿಯಮ ಮತ್ತು ಅದನ್ನು ಜಾರಿಗೊಳಿಸುವ ಕಪ್ತಾನ, ಇವೆರಡೇ ರಕ್ಷಣೆ. ಚಿಟಿಕೆ ಹೊಡೆದು ಕರೆಯುವ ಪ್ರಯಾಣಿಕನಿಗೆ ಇದು ಹೊಳೆಯುವುದಿಲ್ಲ.

ಹಾಗೆಂದು ಹಡಗಿನ ಭದ್ರತಾ ವರ್ಗದವರು ಮಾಡಿದ್ದೆಲ್ಲ ಸರಿಯೆಂದಲ್ಲ. 2018ರ ಫೆಬ್ರವರಿಯಲ್ಲಿ ಮೆಲ್ಬರ್ನ್‌ನಿಂದ ಹತ್ತು ದಿನಗಳ ಯಾನಕ್ಕೆ ಹೊರಟ 'ಕಾರ್ನಿವಲ್ ಲೆಜೆಂಡ್' ನೌಕೆಯಲ್ಲಿ ಒಂದೇ ಕುಟುಂಬದ ಬಳಗವು ದಿನಗಟ್ಟಲೆ ಹೊಡೆದಾಟ ನಡೆಸಿತು. ಹಡಗನ್ನು ಆಸ್ಟ್ರೇಲಿಯಾದ ಈಡನ್ ಬಂದರಿಗೆ ತಿರುಗಿಸಿ 23 ಮಂದಿಯನ್ನು ಇಳಿಸಬೇಕಾಯಿತು. ಮೊದಲ ದಿನಗಳಲ್ಲಿ ದೂರುಗಳಿಗೆ ಕಿವಿಗೊಡಲಿಲ್ಲವೆಂದು ಉಳಿದ ಪ್ರಯಾಣಿಕರು ಸಂಸ್ಥೆಯ ಮೇಲೆ ಸಿಟ್ಟಾದರು. ಭದ್ರತಾ ಸಿಬ್ಬಂದಿ ಪ್ರಯಾಣಿಕರನ್ನು ಒದೆಯುತ್ತಿದ್ದ ಚಿತ್ರಣವೂ ಬಹಿರಂಗವಾಗಿ ಟೀಕೆಗೆ ಗುರಿಯಾಯಿತು. ನಿಯಮವನ್ನು ತಡವಾಗಿ ಜಾರಿಗೊಳಿಸಿದಾಗ ಅದು ಹೀಗೆ ಒರಟಾಗಿಬಿಡುತ್ತದೆ ಎಂದು ನನ್ನ ಅನಿಸಿಕೆ. ಮೊದಲ ದಿನವೇ ಗಟ್ಟಿಯಾಗಿ ಹೇಳಿದ್ದರೆ ಒದೆಯುವ ಪ್ರಸಂಗ ಬರುತ್ತಿರಲಿಲ್ಲ.

ಆದುದರಿಂದ ಹೊರಡುವ ಕುಟುಂಬಗಳು ಕೆಲವು ವಿಷಯಗಳನ್ನು ಮೊದಲೇ ನೋಡಿಕೊಂಡಿರುವುದು ಒಳಿತು. ಲಕ್ಷದ್ವೀಪದಲ್ಲಿ ಇಳಿಯುವುದಾದರೆ ಅಲ್ಲಿಗೆ ಪ್ರವೇಶ ಪರವಾನಗಿ ಬೇಕು. ಬಂಗಾರಂ ದ್ವೀಪವನ್ನುಳಿದು ಅಲ್ಲಿ ಪಾನನಿಷೇಧವಿದೆಯಾದ್ದರಿಂದ ಹಡಗಿನ ಬಾಟಲಿಯನ್ನು ಕೈಚೀಲದಲ್ಲಿಟ್ಟು ಇಳಿಯುವಂತಿಲ್ಲ. ಅಪ್ರಾಪ್ತ ವಯಸ್ಕರ ತಪ್ಪಿಗೆ ಜೊತೆಗಿರುವ ಹಿರಿಯರೇ ಹೊಣೆಯೆಂದು ಕರಾರುಗಳು ಹೇಳುತ್ತವೆ, ಮಗನೊಬ್ಬನನ್ನು ಇಳಿಸಿದರೆ ತಂದೆತಾಯಿಯೂ ಇಳಿಯಬೇಕು. ಯಾರಾದರೂ ನಮ್ಮವರನ್ನು ಪೀಡಿಸಿದರೆ ಗುಂಪು ಕಟ್ಟಿಕೊಂಡು ಎದುರು ನಿಲ್ಲದೆ, ಗೆಸ್ಟ್ ಸರ್ವಿಸ್ ಮೇಜಿನಲ್ಲಿ ಲಿಖಿತ ದೂರು ಕೊಟ್ಟು ಪ್ರತಿಯನ್ನು ಪಡೆದುಕೊಳ್ಳಬೇಕು. ನಮಗೇ ಎಚ್ಚರಿಕೆಯ ಪತ್ರ ಬಂದು ಅದು ಅನ್ಯಾಯವೆನಿಸಿದರೆ, ನಮ್ಮ ಹೇಳಿಕೆಯನ್ನೂ ಬರೆದುಕೊಟ್ಟು ದಾಖಲಿಸುವಂತೆ ಕೇಳಬಹುದು. ಸಿಸಿ ಕ್ಯಾಮೆರಾದ ಚಿತ್ರಣವನ್ನು ಉಳಿಸಿಡುವಂತೆ ಅದೇ ದಿನ ಬರಹದಲ್ಲಿ ಕೋರಬೇಕು, ಏಕೆಂದರೆ ಅದು ಅನಿರ್ದಿಷ್ಟ ಕಾಲ ಉಳಿಯುವುದಿಲ್ಲ. ಹಡಗು ಬಂದರು ಸೇರಿದ ಬಳಿಕ ಅಲ್ಲಿಯ ಪೊಲೀಸರಿಗೂ, ವಿದೇಶವಾದರೆ ಭಾರತದ ದೂತಾವಾಸಕ್ಕೂ ದೂರು ಸಲ್ಲಿಸುವ ದಾರಿ ತೆರೆದಿರುತ್ತದೆ.