ಮೂವರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನವನು

ಗುರುಗ್ರಾಮದಿಂದ ಹೊರಟು ಧೌಲಾ ಕುವಾಂ ದಾಟಿ, ಸರ್ದಾರ್ ಪಟೇಲ್ ಮಾರ್ಗ ಹಿಡಿದು ದಿಲ್ಲಿಯ ನಡುವಿಗೆ ಹೋಗುವವರಿಗೆ ತೀನ್ ಮೂರ್ತಿ ವೃತ್ತ ಹೊಸದಲ್ಲ. ಬಿಳಿ ಕಲ್ಲಿನ ಕಂಬಕ್ಕೆ ಬೆನ್ನು ಕೊಟ್ಟು ಮೂವರು ಕಂಚಿನ ಸೈನಿಕರು ನಿಂತಿದ್ದಾರೆ. ಭಾನುವಾರ ಇಂಡಿಯಾ ಗೇಟ್ ನೋಡಲು ಹೊರಟ ಕನ್ನಡದ ಮನೆಮಂದಿಯೂ ಇವರನ್ನು ಬಳಸಿಕೊಂಡು ಮುಂದೆ ಸಾಗುತ್ತಾರೆ. ಆ ಮೂವರಲ್ಲಿ ಒಬ್ಬ ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳದವನು. ಉಳಿದಿಬ್ಬರು ಜೋಧ್‌ಪುರ ಮತ್ತು ಹೈದರಾಬಾದ್ ಪಡೆಗಳವರು.

ಇದು ಗೊತ್ತಿದ್ದವರು ಹೇಳುವ ಕಥೆಯಲ್ಲೂ ಒಂದು ತಪ್ಪು ನುಸುಳಿರುತ್ತದೆ: ಮೊದಲ ಮಹಾಯುದ್ಧದಲ್ಲಿ ಮೂರೂ ಪಡೆಗಳು ಒಟ್ಟಾಗಿ, ಈಗ ಇಸ್ರೇಲಿನಲ್ಲಿರುವ, ಆಗ ತುರ್ಕರ ಕೈಯಲ್ಲಿದ್ದ ಹೈಫಾ ಪಟ್ಟಣದ ಮೇಲೆ ಕುದುರೆ ನುಗ್ಗಿಸಿದವಂತೆ. 1918ರ ಸೆಪ್ಟೆಂಬರ್ 23ರಂದು ನಡೆದದ್ದು ಬೇರೆ. ಹೈದರಾಬಾದಿನವರು ಅಂದು ಕಾಳಗದಲ್ಲಿರಲಿಲ್ಲ; ಸೆರೆಸಿಕ್ಕವರನ್ನು ಕಾದು ಸಾಗಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಕೆಳಗೆ ಕಿಶೋನ್ ನದಿಯ ದಂಡೆಯಲ್ಲಿ ಕುದುರೆಗಳ ಕಾಲು ಹೂತುಹೋಗುವಂಥ ಕೆಸರು, ಮೇಲೆ ಕಾರ್ಮೆಲ್ ಬೆಟ್ಟದಲ್ಲಿ ತುರ್ಕಿ ಫಿರಂಗಿಗಳು. ಮೈಸೂರಿನ ಒಂದು ತುಕಡಿ ಬೆಟ್ಟದ ಕಡಿದಾದ ದಾರಿ ಹತ್ತಿ ಆ ಫಿರಂಗಿಗಳ ಮೇಲೆ ಎರಗಿತು. ಮಧ್ಯಾಹ್ನ ಜೋಧ್‌ಪುರದವರು ಮೆಷಿನ್ ಗನ್ನುಗಳಿಗೆ ಎದೆಯೊಡ್ಡಿ ಪಟ್ಟಣದತ್ತ ನುಗ್ಗಿದರು. ಅವರ ಮುಂದಾಳು ಮೇಜರ್ ದಳಪತ್ ಸಿಂಗ್ ಶೇಖಾವತ್ ಅಲ್ಲಿಯೇ ಮಡಿದರು. ಎರಡೂ ಪಡೆಗಳಿಂದ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60. ಸೆರೆಯಾದ ಶತ್ರುಗಳು 1,350.

ಜಗತ್ತಿನ ಕೊನೆಯ ಅಶ್ವದಳದ ದಾಳಿ ಇದೇ ಎನ್ನುವುದೂ ಸರಿಯಲ್ಲ. 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಇಟಲಿಯ ಸವಾರರು ರಷ್ಯಾದ ಡಾನ್ ನದಿಯ ಬಳಿ ಹೀಗೆಯೇ ನುಗ್ಗಿದ್ದರು. ಇಂಥ ಉತ್ಪ್ರೇಕ್ಷೆ ಇಲ್ಲದೆಯೂ ಹೈಫಾದ ಸಾಹಸ ದೊಡ್ಡದೇ.

ಇನ್ನು ಇಂಡಿಯಾ ಗೇಟ್. ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟವರ ಸ್ಮಾರಕ ಎಂದೇ ಮಕ್ಕಳಿಗೆ ಹೇಳಿಕೊಡುವವರಿದ್ದಾರೆ. ಆದರೆ ಅದರ ಉದ್ಘಾಟನೆ ಆದದ್ದು 1931ರಲ್ಲಿ, ಬ್ರಿಟಿಷರ ಕಾಲದಲ್ಲಿ. ತಲೆಯೆತ್ತಿ ನೋಡಿದರೆ ಕಲ್ಲಿನಲ್ಲಿ ಫ್ರಾನ್ಸ್, ಮೆಸೊಪೊಟೇಮಿಯಾ, ಪೂರ್ವ ಆಫ್ರಿಕಾ, ಗ್ಯಾಲಿಪೊಲಿಗಳ ಹೆಸರು ಕಾಣುತ್ತವೆ. ಗೋಡೆಗಳ ಮೇಲಿರುವ ಸೈನಿಕರ ಹೆಸರು 13,000ಕ್ಕೂ ಹೆಚ್ಚು. ಮೊದಲ ಮಹಾಯುದ್ಧದಲ್ಲಿ ಸತ್ತ ಭಾರತೀಯರು 74,000ಕ್ಕೂ ಹೆಚ್ಚು. ಅಂದರೆ ಬಹುಪಾಲು ಜನರ ಹೆಸರಿಗೆ ಆ ಗೋಡೆಯಲ್ಲಿ ಜಾಗ ಸಿಕ್ಕಿಲ್ಲ.

ಹೋದವರೆಲ್ಲ ಬಂದೂಕು ಹಿಡಿದವರೂ ಅಲ್ಲ. ಹೇಸರಗತ್ತೆ ಹೊಡೆಯುವವರು, ನೀರು ಹೊರುವ ಭಿಸ್ತಿಗಳು, ಅಡುಗೆಯವರು, ಜಾಡಮಾಲಿಗಳು, ಕೂಲಿಗಳು ಲಕ್ಷಗಟ್ಟಲೆ ಹೋದರು. ಇವರ ಬೆನ್ನಿನ ಮೇಲೆ ನಡೆದ ಯುದ್ಧ ಅದು. ಇವರನ್ನು ಮರೆಯುವುದು ಅನ್ಯಾಯ.

ಎಲ್ಲರೂ ರಾಜನಿಷ್ಠೆಯಿಂದ ತಾವಾಗಿಯೇ ಸೇರಿದರು ಎಂಬ ನಂಬಿಕೆಗೆ ಗುರುಗ್ರಾಮದ ಸುತ್ತಮುತ್ತಲೇ ಉತ್ತರ ಸಿಗುತ್ತದೆ. ಆಗ ಗುಡಗಾಂವ್ ಜಿಲ್ಲೆ ಪಂಜಾಬ್ ಪ್ರಾಂತ್ಯದಲ್ಲಿತ್ತು. ಮೂರೂವರೆ ಲಕ್ಷದಷ್ಟು ಸೈನಿಕರನ್ನು ಕೊಟ್ಟ ಪ್ರಾಂತ್ಯವದು. ಸಿಪಾಯಿಗೆ ತಿಂಗಳಿಗೆ 11 ರೂಪಾಯಿ ಸಂಬಳ. ಹಿಡಿಯಷ್ಟು ಹೊಲ ಇದ್ದವನಿಗೆ ಅದು ಆಸರೆ. ಯುದ್ಧ ಎಳೆದಂತೆ ಜನ ಸಾಲದಾದಾಗ ಲೆಫ್ಟಿನೆಂಟ್ ಗವರ್ನರ್ ಮೈಕಲ್ ಓ'ಡ್ವಯರ್ ಆಡಳಿತ ಇಂತಿಷ್ಟು ಜನ ಬೇಕೆಂದು ಲೆಕ್ಕ ನಿಗದಿ ಮಾಡಿ ಒತ್ತಡ ಹೇರಿತು.

ಯುದ್ಧದ ಋಣವನ್ನು ಬ್ರಿಟಿಷರು ತೀರಿಸಿದರೇ? 1917ರಲ್ಲಿ ಬ್ರಿಟನ್ನಿನ ಭಾರತ ವ್ಯವಹಾರಗಳ ಮಂತ್ರಿ ಮಾಂಟೆಗ್ಯೂ ಹಂತಹಂತವಾಗಿ ಜವಾಬ್ದಾರಿ ಸರ್ಕಾರ ಕೊಡುವ ಮಾತಾಡಿದ್ದರು. ಆದರೆ 1919ರಲ್ಲಿ ಮೊದಲು ಬಂದದ್ದು ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ರೌಲಟ್ ಕಾಯ್ದೆ. ಅದನ್ನು ವಿರೋಧಿಸಿ ಗಾಂಧೀಜಿ ಅದೇ ವರ್ಷದ ಏಪ್ರಿಲ್‌ನಲ್ಲಿ ಪಂಜಾಬಿಗೆ ರೈಲು ಹತ್ತಿದರು. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ಇನ್ನು ಕೆಲವೇ ದಿನ. ಆಗ ಗುಡಗಾಂವ್ ಜಿಲ್ಲೆಗೆ ಸೇರಿದ್ದ ಪಲ್ವಲ್ ನಿಲ್ದಾಣದಲ್ಲಿ ಪೊಲೀಸರು ಅವರನ್ನು ಕೆಳಗಿಳಿಸಿದರು. ಹಿಂದಿನ ವರ್ಷವಷ್ಟೇ ಗುಜರಾತಿನ ಖೇಡಾದಲ್ಲಿ ಊರೂರು ನಡೆದು, ಇದೇ ಸರ್ಕಾರದ ಯುದ್ಧಕ್ಕೆ ಸೈನಿಕರಾಗಿ ಸೇರಿ ಎಂದು ರೈತರನ್ನು ಕೇಳಿಕೊಂಡಿದ್ದವರು ಅವರು.