ಹಾಸಿಗೆಯ ದೂಳು ಮತ್ತು ರಾತ್ರಿಯ ಉಬ್ಬಸ

ಮುಂಜಾನೆ ಕಿಟಕಿಯ ಸಂದಿಯಿಂದ ಕೋಣೆಯೊಳಕ್ಕೆ ಇಳಿಯುವ ಬಿಸಿಲುಕೋಲಿನಲ್ಲಿ ದೂಳಿನ ಕಣಗಳು ಕುಣಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ನೋಟಕ್ಕೆ ಸೊಗಸಾದ ಈ ದೂಳು ಕೆಲವರ ಪಾಲಿಗೆ ಪ್ರಾಣಸಂಕಟವೇ ಆಗಿದೆ. ಹಾಸಿಗೆಯನ್ನು ಕೊಡವಿದೊಡನೆ ಅವರಿಗೆ ಸೀನಿನ ಮೇಲೆ ಸೀನು ಬರುತ್ತದೆ, ಮೂಗು ಕಟ್ಟುತ್ತದೆ. ಉಬ್ಬಸವಿದ್ದವರಿಗಂತೂ ನಡುರಾತ್ರಿಯಲ್ಲಿ ಎದೆ ಬಿಗಿದು, ಉಸಿರಿಗಾಗಿ ಎದ್ದು ಕೂರುವಂತಾಗುತ್ತದೆ. ಸಾಲದುದಕ್ಕೆ, ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಂಡಿಲ್ಲವೆಂಬ ಅಪವಾದ ಗೃಹಿಣಿಯ ತಲೆಯ ಮೇಲೆ ಬೀಳುತ್ತದೆ. ದಿನಕ್ಕೆ ಎರಡು ಬಾರಿ ಗುಡಿಸಿದ ಮನೆಯಲ್ಲಿಯೂ ಈ ತೊಂದರೆ ತಪ್ಪದಿರಲು ಕಾರಣವೇನು? ಭೌತವಿಜ್ಞಾನದ ಎರಡು ಸರಳ ವಿಚಾರಗಳಿಂದ ಇದಕ್ಕೆ ಬಹುಮಟ್ಟಿಗೆ ಉತ್ತರ ದೊರೆಯುತ್ತದೆ.

ದೂಳಿನಲ್ಲಿ ಒಂದು ಜೀವಿ

ಮನೆಯ ದೂಳಿಗೂ ಉಬ್ಬಸಕ್ಕೂ ಸಂಬಂಧವುಂಟೆಂದು ಅಮೆರಿಕದ ವೈದ್ಯರಾದ ಕರ್ನ್ ಎಂಬವರು ೧೯೨೧ರಲ್ಲಿಯೇ ತಿಳಿಸಿದ್ದರು. ಆದರೆ ದೂಳಿನ ಯಾವ ಅಂಶ ಈ ಕೇಡಿಗೆ ಮೂಲವೆಂಬುದು ನಾಲ್ಕು ದಶಕಗಳ ಕಾಲ ಬಗೆಹರಿಯಲಿಲ್ಲ. ೧೯೬೪ರಲ್ಲಿ ಹಾಲೆಂಡಿನ ಲೈಡನ್ ನಗರದ ವೋರ್‌ಹೋರ್ಸ್ಟ್, ಸ್ಪೀಕ್ಸ್‌ಮ ಮತ್ತು ಅವರ ಸಂಗಡಿಗರು ಅದನ್ನು ಗುರುತಿಸಿದರು. ಅದೇ ದೂಳುನುಸಿ.

ನುಸಿಯು ಕೀಟವಲ್ಲ, ಎಂಟು ಕಾಲುಗಳ ಈ ಪ್ರಾಣಿ ಜೇಡನ ಬಳಗಕ್ಕೆ ಸೇರಿದುದು. ಇದರ ಉದ್ದ ಒಂದು ಮಿಲಿಮೀಟರಿನ ಸುಮಾರು ಮೂರರಲ್ಲೊಂದು ಭಾಗ. ಆದುದರಿಂದ ಸೂಕ್ಷ್ಮದರ್ಶಕವಿಲ್ಲದೆ ಇದನ್ನು ಕಾಣುವುದು ಕಷ್ಟ. ತಿಗಣೆಯಂತೆ ಇದು ಕಚ್ಚುವುದಿಲ್ಲ, ರಕ್ತವನ್ನು ಹೀರುವುದಿಲ್ಲ. ನಮ್ಮ ಮೈಯಿಂದ ನಿತ್ಯವೂ ಉದುರುವ ಚರ್ಮದ ಹೊಟ್ಟೇ ಇದರ ಆಹಾರ. ಆ ಹೊಟ್ಟು, ಮೈಯ ಬಿಸುಪು, ಬೆವರಿನ ತೇವ—ಈ ಮೂರೂ ಒಂದೆಡೆ ದೊರೆಯುವ ಸ್ಥಳ ಹಾಸಿಗೆ. ಹೀಗಿರುವಲ್ಲಿ, ಮನೆ ಎಷ್ಟೇ ಚೊಕ್ಕಟವಾಗಿದ್ದರೂ ನುಸಿಗೆ ಕೊರತೆಯಿಲ್ಲ.

ತೊಂದರೆಯಾಗುವುದು ಮುಖ್ಯವಾಗಿ ನುಸಿಯ ಹಿಕ್ಕೆಯಿಂದ. ಒಂದು ನುಸಿ ದಿನವೊಂದಕ್ಕೆ ಸುಮಾರು ೨೦ ಹಿಕ್ಕೆಗಳನ್ನು ಹಾಕುತ್ತದೆ. ಅದರಲ್ಲಿ ಉಳಿದಿರುವ ಜೀರ್ಣಕಾರಿ ಕಿಣ್ವಗಳು ಪ್ರೋಟೀನುಗಳು. ಅವು ಮೂಗಿನ ಒದ್ದೆಯಾದ ಒಳಪೊರೆಯ ಮೇಲೆ ಕರಗಿದಾಗ, ಒಗ್ಗದ ದೇಹವು ಅವನ್ನು ಶತ್ರುಗಳೆಂದು ಭಾವಿಸಿ ಹೋರಾಟಕ್ಕೆ ನಿಲ್ಲುತ್ತದೆ. ಸೀನು, ನೆಗಡಿ, ಉಬ್ಬಸಗಳು ಆ ಹೋರಾಟದ ಫಲ.

ಬೀಳುವ ವೇಗದ ಲೆಕ್ಕ

ಹಿಕ್ಕೆಯ ವ್ಯಾಸ ಸಾಮಾನ್ಯವಾಗಿ ೧೦ರಿಂದ ೪೦ ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಇಂಥ ಕಣವು ನಿಶ್ಚಲವಾದ ಗಾಳಿಯಲ್ಲಿ ಎಷ್ಟು ವೇಗದಿಂದ ಬೀಳುತ್ತದೆ? ಸ್ಟೋಕ್ಸನ ನಿಯಮದ ಪ್ರಕಾರ ಅದರ ಅಂತಿಮ ವೇಗವು ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ನೀರಿನಷ್ಟೇ ಸಾಂದ್ರತೆಯುಳ್ಳ ೨೦ ಮೈಕ್ರಾನಿನ ಕಣಕ್ಕೆ ಅದು ಸೆಕೆಂಡಿಗೆ ಸುಮಾರು ೧.೨ ಸೆಂಟಿಮೀಟರ್. ಒಂದು ಮೀಟರ್ ಇಳಿಯಲು ಅದಕ್ಕೆ ಒಂದೂವರೆ ನಿಮಿಷವೂ ಬೇಡ. ೨ ಮೈಕ್ರಾನಿನ ಕಣಕ್ಕಾದರೋ ನೂರು ಪಟ್ಟು ಕಾಲ, ಎಂದರೆ ಎರಡು ಗಂಟೆಗೂ ಹೆಚ್ಚು ಬೇಕು.

ಇದರಿಂದ ನಾವು ತಿಳಿಯತಕ್ಕ ಸಂಗತಿಯೊಂದುಂಟು. ನುಸಿಯ ಹಿಕ್ಕೆ ಗಾಳಿಯಲ್ಲಿ ಹೆಚ್ಚು ಹೊತ್ತು ತೇಲಿರುವುದಿಲ್ಲ. ಹಾಸಿಗೆಯಲ್ಲಿಯೇ ನೆಲೆಸಿ, ನಾವು ಮಗ್ಗುಲು ಬದಲಿಸಿದಾಗ ಮೇಲೆದ್ದು, ದಿಂಬಿನ ಪಕ್ಕದಲ್ಲಿಯೇ ಇರುವ ಮೂಗನ್ನು ಸೇರುತ್ತದೆ. ಕೋಣೆಯ ಗಾಳಿಯನ್ನು ಸೋಸುವ ಯಂತ್ರದಿಂದ ಇದಕ್ಕೆ ಹೆಚ್ಚಿನ ಪ್ರಯೋಜನವಿಲ್ಲದಿರಲು ಕಾರಣ ಇದೇ. ಹೋರಾಟವು ಹಾಸಿಗೆಯಲ್ಲಿಯೇ ನಡೆಯಬೇಕು.

ಗಾಳಿಯನ್ನು ಕುಡಿಯುವ ಪ್ರಾಣಿ

ನುಸಿಯು ನೀರನ್ನು ಹುಡುಕಿಕೊಂಡು ಹೋಗುವುದಿಲ್ಲ. ಅದರ ಮುಂಗಾಲುಗಳ ಬುಡದ ಗ್ರಂಥಿಗಳಿಂದ ಒಸರುವ ಲವಣದ ದ್ರಾವಣವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಭರಣಿಯ ಉಪ್ಪು ನೀರೊಡೆಯುವುದೂ ಇದೇ ಬಗೆಯ ಕ್ರಿಯೆ. ಸಾಪೇಕ್ಷ ಆರ್ದ್ರತೆ ಶೇಕಡ ೫೦ಕ್ಕಿಂತ ಕೆಳಗಿಳಿದು ಹಾಗೆಯೇ ನಿಂತರೆ ನುಸಿ ಕೆಲವು ದಿನಗಳಲ್ಲಿ ಒಣಗಿ ಸಾಯುತ್ತದೆ. ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುವುದರಿಂದ, ಬರಿದೆ ಕಿಟಕಿಯನ್ನು ತೆರೆದರೆ ಆರ್ದ್ರತೆ ಇಳಿಯದು.

ಮಳೆ ಬಿಟ್ಟು ಬಿಸಿಲು ಬಂದೊಡನೆ ಹಾಸಿಗೆಗಳನ್ನು ಒಣಗಹಾಕುವ ನಮ್ಮ ಹಿರಿಯರ ರೂಢಿಯನ್ನು ಈಗ ಲೆಕ್ಕಕ್ಕೆ ತೆಗೆದುಕೊಳ್ಳೋಣ. ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿ ಸುಮಾರು ೩೦ ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. ೫೦ ಡಿಗ್ರಿಯಲ್ಲಿ ಸುಮಾರು ೮೩ ಗ್ರಾಂ. ಗಾಳಿಯ ಆರ್ದ್ರತೆ ಶೇಕಡ ೬೦ ಇದ್ದರೆ ಅದರಲ್ಲಿರುವುದು ೧೮ ಗ್ರಾಂ. ಅದೇ ಗಾಳಿ ಬಿಸಿಲಿಗೆ ಕಾದ ಹಾಸಿಗೆಯ ಮೈಯಲ್ಲಿ ೫೦ ಡಿಗ್ರಿಗೆ ಏರಿದರೆ ಆರ್ದ್ರತೆ ಶೇಕಡ ೨೨ಕ್ಕೆ ಇಳಿಯುತ್ತದೆ! ನುಸಿಗೆ ಬಿಸಿಯೂ ಬರಗಾಲವೂ ಒಟ್ಟಿಗೆ ಒದಗಿದಂತಾಯಿತು. ೧೯೯೪ರಲ್ಲಿ ಆಸ್ಟ್ರೇಲಿಯದ ಟೋವಿ ಮತ್ತು ವುಲ್ಕಾಕ್ ಎಂಬವರು, ಕಂಬಳಿಹಾಸುಗಳನ್ನು ನೇರ ಬಿಸಿಲಿಗೆ ಹರಡಿದರೆ ಅವುಗಳಲ್ಲಿನ ನುಸಿಗಳೆಲ್ಲವೂ ಸಾಯಬಲ್ಲವೆಂದು ತೋರಿಸಿದರು. ಆದರೆ ದಪ್ಪನೆಯ ಹತ್ತಿಯ ಹಾಸಿಗೆಯ ಒಳಭಾಗಕ್ಕೆ ಶಾಖ ಸುಲಭವಾಗಿ ಇಳಿಯದು. ಆದುದರಿಂದ ಎರಡು ಮಗ್ಗುಲನ್ನೂ ಹೊರಳಿಸಿ ಕಾಯಿಸಬೇಕು. ನುಸಿ ಸತ್ತರೂ ಹಿಕ್ಕೆ ಉಳಿಯುವುದೆಂಬುದನ್ನೂ ಮರೆಯಬಾರದು.

ಮಾಡಬೇಕಾದುದೇನು?

ಮೊದಲನೆಯದಾಗಿ, ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ೬೦ ಡಿಗ್ರಿಯಷ್ಟು ಬಿಸಿಯಾದ ನೀರಿನಲ್ಲಿ ಒಗೆಯಬೇಕು. ತಣ್ಣೀರು ಪ್ರೋಟೀನನ್ನು ಬಹುಪಾಲು ತೊಳೆಯುತ್ತದೆ, ಆದರೆ ನುಸಿಯನ್ನು ಕೊಲ್ಲದು. ಎರಡನೆಯದಾಗಿ, ಹಾಸಿಗೆ ದಿಂಬುಗಳಿಗೆ ೧೦ ಮೈಕ್ರಾನಿಗಿಂತ ಸಣ್ಣ ರಂಧ್ರಗಳ ಒತ್ತುನೆಯ್ಗೆಯ ಗವಸನ್ನು ಪೂರ್ತಿಯಾಗಿ ತೊಡಿಸಬೇಕು. ಮೂರನೆಯದಾಗಿ, ಕೌದಿ ಕಂಬಳಿಗಳನ್ನು ಬಿಸಿಲಿಗೆ ಹಾಕಿ ಹೊರಗಡೆಯೇ ಬಡಿಯಬೇಕು. ರೋಗಿಯು ಆ ಕೆಲಸಕ್ಕೆ ಹೋಗಬಾರದು. ಕೋಣೆಯನ್ನು ಒಣ ಪೊರಕೆಯಿಂದ ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಮಕ್ಕಳ ಬಟ್ಟೆಯ ಬೊಂಬೆಗಳನ್ನು ಚೀಲದಲ್ಲಿ ಕಟ್ಟಿ, ಒಂದು ಹಗಲು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಬಳಿಕ ಒಗೆಯಬಹುದು. ಚಾಪೆಯಲ್ಲಿ ನುಸಿ ಅಡಗಲು ಆಳವಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು.

ಇವುಗಳಲ್ಲಿ ಒಂದನ್ನು ಮಾತ್ರ ಮಾಡಿದರೆ ಸಾಕೆ? ಸಾಲದೆಂದು ಪ್ರಯೋಗಗಳು ಹೇಳುತ್ತವೆ. ೨೦೦೩ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ ಉಬ್ಬಸವಿದ್ದ ೧,೧೨೨ ಮಂದಿ ವಯಸ್ಕರು ಭಾಗವಹಿಸಿದ್ದರು. ಗವಸೊಂದರಿಂದಲೇ ಅವರಿಗೆ ಗುಣ ಕಾಣಲಿಲ್ಲ. ೨೦೦೪ರಲ್ಲಿ ಅಮೆರಿಕದ ನಗರಗಳ ೯೩೭ ಮಕ್ಕಳ ಮನೆಗಳಲ್ಲಿ ನಡೆದ ಪರೀಕ್ಷೆಯ ವರದಿ ಬಂದಿತು. ಅಲ್ಲಿ ಆಯಾ ಮಗುವಿಗೆ ಒಗ್ಗದ ವಸ್ತುವನ್ನು ಮೊದಲು ಗೊತ್ತುಮಾಡಿಕೊಂಡು, ಅನೇಕ ಉಪಾಯಗಳನ್ನು ಒಟ್ಟಿಗೆ ನಡೆಸಿದುದರಿಂದ ಉಬ್ಬಸದ ದಿನಗಳು ಕಡಿಮೆಯಾದವು. ಆದುದರಿಂದ ತಮಗೆ ಒಗ್ಗದಿರುವುದು ನುಸಿಯೇ ಎಂಬುದನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಮೊದಲ ಹೆಜ್ಜೆ. ಈ ಉಪಾಯಗಳನ್ನು ನಂಬಿ ಔಷಧವನ್ನು ಬಿಡುವುದು ಅಪಾಯಕರ.

ವಿದ್ಯಾರ್ಥಿಗಳು ಪ್ರಯೋಗಶಾಲೆಯ ಒಣ ಮತ್ತು ಒದ್ದೆ ಬಲ್ಬುಗಳ ಉಷ್ಣಮಾಪಕವನ್ನು ಮಲಗುವ ಕೋಣೆಯಲ್ಲಿ ತೂಗುಹಾಕಿ, ಮಳೆಗಾಲದಲ್ಲೊಮ್ಮೆ, ಮಾಘಮಾಸದಲ್ಲೊಮ್ಮೆ ಆರ್ದ್ರತೆಯನ್ನು ಅಳೆದು ನೋಡಲಿ. ನುಸಿಗೆ ಯಾವ ಕಾಲ ಹಿತ, ಯಾವ ಕಾಲ ಅಹಿತವೆಂಬುದು ಆ ಅಂಕಿಗಳಿಂದಲೇ ತಿಳಿದುಬರುವುದು.