ಪೇತ್ರರ ಸಮಾಧಿ: ಉತ್ಖನನವು ಹೇಳುವುದೆಷ್ಟು?

ಯುರೋಪಿನ ಆದಿ ಧರ್ಮಸಭೆಯ ಚರಿತ್ರೆಯನ್ನು ಕುರಿತು ಇತಿಹಾಸಕಾರರೊಡನೆ, ಪುರಾತತ್ತ್ವಜ್ಞರೊಡನೆ ಮಾತಿಗೆ ಕುಳಿತಾಗ, ಅವರು ಯಾವುದನ್ನು ಎಷ್ಟರಮಟ್ಟಿಗೆ ಹೇಳುತ್ತಿದ್ದಾರೆಂಬುದನ್ನು ನಾವು ಗಮನಿಸಬೇಕು. ರೋಮಿನ ಸಂತ ಪೇತ್ರರ ಮಹಾದೇವಾಲಯದ ಅಡಿಯಲ್ಲಿ 1940ರ ದಶಕದಲ್ಲಿ ನಡೆದ ಉತ್ಖನನವನ್ನೇ ನೋಡೋಣ. ವ್ಯಾಟಿಕನ್‌ನಲ್ಲಿ ಪ್ರೇಷಿತರ ಜಯಸ್ಮಾರಕವಿದೆಯೆಂದು ಕ್ರಿ.ಶ. 200ರ ಸುಮಾರಿಗೆ ಗಾಯಸನೆಂಬ ರೋಮಿನ ಕ್ರೈಸ್ತನು ಬರೆದಿದ್ದನು. ಆ ಮಾತನ್ನು ನಮಗೆ ಉಳಿಸಿಕೊಟ್ಟವನು ಯೂಸೇಬಿಯಸನು. ಅಗೆದವರಿಗೆ ಕೆಂಪು ಗಾರೆಯ ಗೋಡೆಗೆ ಒರಗಿದ ಚಿಕ್ಕ ಸ್ಮಾರಕವೊಂದು ಕಂಡಿತು. ಗೋಡೆಯೊಡನೆ ಕಟ್ಟಿದ್ದ ಚರಂಡಿಯ ಹೆಂಚುಗಳ ಮೇಲಿನ ಮುದ್ರೆಗಳು ಅದರ ಕಾಲವನ್ನು ಸುಮಾರು 160ಕ್ಕೆ ನಿಲ್ಲಿಸಿದವು. ಗ್ರಂಥವೂ ಮಣ್ಣೂ ಹೀಗೆ ಒಂದನ್ನೊಂದು ಸಂಧಿಸುವುದು ಅಪರೂಪ.

ಆದರೆ ಅದು ಎರಡನೆಯ ಶತಮಾನದ ಕ್ರೈಸ್ತರ ನಂಬಿಕೆಗೆ ಸಾಕ್ಷಿ. ನೀರೋವಿನ ಕಾಲದ ಭೂಸ್ಥಾಪನೆಗೆ ನೇರ ಸಾಕ್ಷಿಯಲ್ಲ. ಪ್ರಬೋಧನೆಯಲ್ಲಿ ನಾವು ಒಂದೇ ವಾಕ್ಯದಲ್ಲಿ ದಾಟಿಬಿಡುವ ಅಂತರವು ಸುಮಾರು ನೂರು ವರ್ಷಗಳದು. 1950ರಲ್ಲಿ ಪೋಪ್ 12ನೆಯ ಪಿಯುಸರು ಸಮಾಧಿ ದೊರೆತಿದೆಯೆಂದು ಸಾರಿದರೂ, ಅಲ್ಲಿ ಸಿಕ್ಕ ಮೂಳೆಗಳು ಪ್ರೇಷಿತರವೇ ಎಂದು ಖಚಿತವಾಗಿ ಸಿದ್ಧಪಡಿಸಲಾಗದೆಂದರು. ಮುಂದೆ ಮಾರ್ಗರೀಟಾ ಗ್ವಾರ್ದುಚ್ಚಿಯವರು ಬೇರೆ ಮೂಳೆಗಳನ್ನು ಪೇತ್ರರವೆಂದು ವಾದಿಸಿದರು. 1968ರಲ್ಲಿ 6ನೆಯ ಪೌಲರು, ಅವನ್ನು ಮನವೊಪ್ಪುವಂತೆ ಗುರುತಿಸಲಾಗಿದೆಯೆಂದು ಪ್ರಕಟಿಸಿದರು. ಉತ್ಖನನದ ತಂಡದಲ್ಲಿಯೇ ಇದ್ದ ಯೇಸುಸಭೆಯ ಗುರು ಆಂತೋನಿಯೊ ಫೆರ್ರುವಾ ಮಾತ್ರ ಆ ವಾದವನ್ನು ಒಪ್ಪಲಿಲ್ಲ.